ಊರು ಬಿಟ್ಟವರನ್ನು ಎಣಿಸದ ದರ: ಲಾಟ್ವಿಯಾ ಮತ್ತು ಐಸ್‌ಲ್ಯಾಂಡ್

2008ರ ಹಣಕಾಸು ಬಿಕ್ಕಟ್ಟಿನಲ್ಲಿ ಯುರೋಪಿನ ಎರಡು ಪುಟ್ಟ ದೇಶಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕುಸಿದವು. ಐಸ್‌ಲ್ಯಾಂಡಿನ ಜನಸಂಖ್ಯೆ ಆಗ ಸುಮಾರು 3.2 ಲಕ್ಷ, ನಮ್ಮ ಕಲಬುರಗಿ ನಗರಕ್ಕಿಂತಲೂ ಕಡಿಮೆ. ಲಾಟ್ವಿಯಾದಲ್ಲಿ 22 ಲಕ್ಷದ ಆಸುಪಾಸು ಜನರಿದ್ದರು, ಅದೂ 2011ರ ಜನಗಣತಿಯಲ್ಲಿ 25 ಲಕ್ಷ ದಾಟಿದ ಕಲಬುರಗಿ ಜಿಲ್ಲೆಯಷ್ಟಿಲ್ಲ. ಇವೆರಡರಲ್ಲಿ ಯಾವುದು ಚೆನ್ನಾಗಿ ಚೇತರಿಸಿಕೊಂಡಿತು ಎಂಬ ಚರ್ಚೆ ಅರ್ಥಶಾಸ್ತ್ರಜ್ಞರ ನಡುವೆ ವರ್ಷಗಟ್ಟಲೆ ನಡೆಯಿತು. ನಿರುದ್ಯೋಗ ದರವೊಂದನ್ನೇ ಹಿಡಿದು ತೀರ್ಪು ಹೇಳುವವರ ಮಾತು, ಗುಳೆ ಹೋಗುವ ಸೀಮೆಯವನಾದ ನನಗೆ ಒಪ್ಪಿಗೆಯಾಗುವುದಿಲ್ಲ.

ಎರಡೂ ದೇಶಗಳು ಹಿಡಿದ ದಾರಿ ಬೇರೆ ಬೇರೆ. 2008ರ ಅಕ್ಟೋಬರಿನಲ್ಲಿ ಮೂರು ದೊಡ್ಡ ಬ್ಯಾಂಕುಗಳು ಮುಳುಗಿದಾಗ ಐಸ್‌ಲ್ಯಾಂಡಿನ ಕ್ರೋನಾ ಯೂರೋ ಎದುರು ಸುಮಾರು ಅರ್ಧದಷ್ಟು ಬೆಲೆ ಕಳೆದುಕೊಂಡಿತು. ಆಮದು ತುಟ್ಟಿಯಾಗಿ ಎಲ್ಲರ ಕೊಳ್ಳುವ ಶಕ್ತಿ ಕುಗ್ಗಿತಾದರೂ, ಮೀನಿನ ರಫ್ತಿಗೂ ಆಮೇಲೆ ಪ್ರವಾಸೋದ್ಯಮಕ್ಕೂ ಅದೇ ಆಸರೆಯಾಯಿತು. ಲಾಟ್ವಿಯಾ ಮಾತ್ರ ತನ್ನ ಲಾಟ್ಸ್ ನಾಣ್ಯದ ಬೆಲೆಯನ್ನು ಏರಿಳಿಯದಂತೆ ಯೂರೋಗೆ ಕಟ್ಟಿಹಾಕಿದ್ದನ್ನು ಬಿಡಲಿಲ್ಲ. ನಾಣ್ಯದ ಬೆಲೆ ಇಳಿಸದಿದ್ದ ಮೇಲೆ ಇಳಿಯಬೇಕಾದದ್ದು ಸಂಬಳ. ಸರ್ಕಾರಿ ನೌಕರರ, ಶಿಕ್ಷಕರ ವೇತನ ಕಡಿತವಾಯಿತು, 2009ರ ಒಂದೇ ವರ್ಷದಲ್ಲಿ ಆರ್ಥಿಕತೆ ಸುಮಾರು ಶೇ 14ರಷ್ಟು ಕುಗ್ಗಿತು. 2014ರ ಜನವರಿ 1ರಂದು ಅದು ಯೂರೋ ವಲಯವನ್ನೂ ಸೇರಿತು.

ಲಾಟ್ವಿಯಾದ ನಿರುದ್ಯೋಗ ದರ 2007ರಲ್ಲಿ ಸುಮಾರು ಶೇ 6 ಇದ್ದದ್ದು 2010ರಲ್ಲಿ ಶೇ 20ರ ಹತ್ತಿರ ಹೋಗಿ, 2019ಕ್ಕೆ ಮತ್ತೆ ಶೇ 6ಕ್ಕೆ ಬಂತು. ಇಷ್ಟನ್ನೇ ನೋಡಿದರೆ ಗಾಯ ಪೂರ್ತಿ ಮಾಯ್ದಂತೆ ತೋರುತ್ತದೆ. ಆದರೆ 2008ರಲ್ಲಿ 10 ಲಕ್ಷ ದಾಟಿದ್ದ ಉದ್ಯೋಗಸ್ಥರ ಸಂಖ್ಯೆ 2010ಕ್ಕೆ 9 ಲಕ್ಷಕ್ಕಿಂತ ಕೆಳಗಿಳಿದಿತ್ತು, ಮತ್ತು 2019ರಲ್ಲೂ 10 ಲಕ್ಷಕ್ಕೆ ಮರಳಿರಲಿಲ್ಲ. ದರ ಹಳೆಯ ಜಾಗಕ್ಕೆ ಬಂದರೂ ಸಂಖ್ಯೆ ಬಾರದಿದ್ದುದಕ್ಕೆ ಕಾರಣ ಜನಗಣತಿಯಲ್ಲಿದೆ: 2000ದಲ್ಲಿ 23.8 ಲಕ್ಷ ಇದ್ದ ಜನಸಂಖ್ಯೆ 2011ಕ್ಕೆ 20.7 ಲಕ್ಷವಾಯಿತು. ಹುಟ್ಟಿಗಿಂತ ಸಾವು ಹೆಚ್ಚಾದದ್ದು ಒಂದು ಪಾಲು. 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಬ್ರಿಟನ್ನಿಗೆ, ಐರ್ಲೆಂಡಿಗೆ ದುಡಿಯಲು ಹೋದವರದು ಇನ್ನೊಂದು ಪಾಲು.

ಲೆಕ್ಕ ಸರಳವಾಗಿದೆ. ನೂರು ಜನರಲ್ಲಿ 80 ಮಂದಿಗೆ ಕೆಲಸವಿದ್ದು 20 ಮಂದಿ ಹುಡುಕುತ್ತಿದ್ದರೆ ನಿರುದ್ಯೋಗ ಶೇ 20. ಆ ಇಪ್ಪತ್ತರಲ್ಲಿ ಹತ್ತು ಮಂದಿ ದೇಶ ಬಿಟ್ಟರೆ, ಒಂದೂ ಹೊಸ ಕೆಲಸ ಹುಟ್ಟದೆಯೇ ಅದು ಶೇ 11ಕ್ಕೆ ಇಳಿಯುತ್ತದೆ. ಉಳಿದವರಲ್ಲಿ ದುಡಿಯುವವರ ಪ್ರಮಾಣವೂ ಏರುವುದರಿಂದ ಉದ್ಯೋಗ ದರವೂ ಇಲ್ಲಿ ನೆಚ್ಚಿಕೆಗೆ ಅರ್ಹವಲ್ಲ. ತೊಗರಿ ರಾಶಿ ಮುಗಿದ ಮೇಲೆ ಯಾದಗಿರಿ, ಕಲಬುರಗಿಯ ತಾಂಡಾಗಳಲ್ಲಿ ಹೋಗಿ ಕೇಳಿದರೂ ಇದೇ ಆಗುತ್ತದೆ. ಕೆಲಸ ಬೇಕಾದವರು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕಟ್ಟಡದ ಮೇಲಿರುತ್ತಾರೆ, ಮನೆಯಲ್ಲಿ ಉಳಿದ ಮುದುಕರು ಕೆಲಸ ಹುಡುಕುವವರ ಪಟ್ಟಿಗೇ ಬರುವುದಿಲ್ಲ. ಹಾಗೆಂದು ಹೋದವರು ಕೆಟ್ಟರು ಎಂದು ನಾನು ಹೇಳುತ್ತಿಲ್ಲ. ಡಬ್ಲಿನ್ನಿನಲ್ಲಿ ಕೂಲಿ ಸಿಕ್ಕ ಲಾಟ್ವಿಯನ್ನನಿಗೆ ಕೆಲಸವಂತೂ ಇದೆ, ಅದರ ಲೆಕ್ಕ ಮಾತ್ರ ಐರ್ಲೆಂಡಿಗೆ ಸೇರುತ್ತದೆ.

ಐಸ್‌ಲ್ಯಾಂಡಿನಲ್ಲಿ ನಿರುದ್ಯೋಗ ವಾರ್ಷಿಕ ಸರಾಸರಿಯಲ್ಲಿ ಶೇ 8ನ್ನು ಮುಟ್ಟದೆ 2016ರ ಹೊತ್ತಿಗೆ ಶೇ 3ರ ಸಮೀಪಕ್ಕೆ ಇಳಿಯಿತು, ಉದ್ಯೋಗಸ್ಥರ ಸಂಖ್ಯೆಯೂ ಬಿಕ್ಕಟ್ಟಿನ ಮುಂಚಿನ ಮಟ್ಟವನ್ನು ದಾಟಿತು. ಅಲ್ಲಿಂದಲೂ ನಾರ್ವೆಗೆ ಜನ ಹೋದದ್ದುಂಟು. ಆದರೆ 2010ರಲ್ಲಿ 5 ಲಕ್ಷದಷ್ಟಿದ್ದ ವಿದೇಶಿ ಪ್ರವಾಸಿಗರು 2018ಕ್ಕೆ 23 ಲಕ್ಷವಾದಾಗ, ಹೋಟೆಲು ಮತ್ತು ಕಟ್ಟಡದ ಕೆಲಸಕ್ಕೆ ಪೋಲೆಂಡಿನಿಂದ ಜನ ಬಂದರು. ಒಂದು ದೇಶದ ಸಂಖ್ಯೆ ಇಳಿದದ್ದರಲ್ಲೂ ಇನ್ನೊಂದರದು ಏರಿದ್ದರಲ್ಲೂ ವಲಸೆಯ ಕೈಯಿದೆ.

ಆರಂಭದ ವರ್ಷವನ್ನು ಆರಿಸುವಾಗಲೂ ಎಚ್ಚರ ಬೇಕು. 2007 ಮತ್ತು 2008 ಸಾಲದ ಹಣದಲ್ಲಿ ಉಬ್ಬಿದ್ದ ವರ್ಷಗಳು, ಅಲ್ಲಿಂದ ಅಳೆದರೆ ಲಾಟ್ವಿಯಾ ಸೋತಂತೆ ಕಾಣುತ್ತದೆ. ನಿರುದ್ಯೋಗ ಶೇ 14ರ ಸುತ್ತ ಇದ್ದ 2000ದಿಂದ ಅಳೆದರೆ ಅದೇ ದೇಶ ಗೆದ್ದಂತೆ ಕಾಣುತ್ತದೆ. ನನ್ನ ಮಟ್ಟಿಗೆ ಹೋಲಿಸಿ ನೋಡಲು ಲಾಟ್ವಿಯಾಕ್ಕೆ ತಕ್ಕ ಜೋಡಿ ಐಸ್‌ಲ್ಯಾಂಡ್ ಅಲ್ಲ, ನೆರೆಯ ಎಸ್ಟೋನಿಯಾ. ಅದೂ 2004ರಲ್ಲೇ ಒಕ್ಕೂಟ ಸೇರಿತು, ನಾಣ್ಯವನ್ನು ಯೂರೋಗೇ ಕಟ್ಟಿ 2011ರಲ್ಲಿ ಯೂರೋ ಪಡೆಯಿತು, ತನ್ನ ದುಡಿಯುವವರನ್ನು ಫಿನ್ಲೆಂಡಿಗೆ ಕಳಿಸಿತು.