ಹೌದು, ಬರೀ ಕ್ಲಾಸ್‌ಮೇಟ್

“ಅವನು ನಿಮಗೆ ಏನಾಗಬೇಕಿತ್ತು?”

ಕಾಲೇಜಿನ ಗೆಳೆಯನೊಬ್ಬನ ಪುಣ್ಯತಿಥಿಗೆ ಪ್ರತಿ ವರ್ಷ ಕಲಬುರಗಿಯಿಂದ ಬೀದರಿಗೆ ಹೋಗುತ್ತೇನೆ. ರಜೆ ಕೇಳಿದರೆ ಆಫೀಸಿನಲ್ಲಿ ಈ ಪ್ರಶ್ನೆ, ಬ್ಯಾಗ್ ಹಿಡಿದು ಹೊರಟರೆ ಪಕ್ಕದ ಮನೆಯವರದ್ದೂ ಇದೇ. ಕ್ಲಾಸ್‌ಮೇಟ್ ಅಂದರೆ ಸಾಲುವುದಿಲ್ಲ. “ಬರೀ ಕ್ಲಾಸ್‌ಮೇಟಾ?” ಅಂತ ಹುಬ್ಬು ಏರಿಸುತ್ತಾರೆ.

ಬರೆದೇ ಬಿಡುತ್ತೇನೆ. ಅಣ್ಣ ಅಲ್ಲ, ರಾಖಿ ಕಟ್ಟಿಲ್ಲ. ಲವ್ ಇರಲಿಲ್ಲ. ನನ್ನ ಗಂಡನಿಗೆ ಎಲ್ಲ ಗೊತ್ತು. ಅವರಿಗಿಲ್ಲದ ಚಿಂತೆ ನಿಮಗೆ ಯಾಕೆ?

ಅವನು ತೀರಿಕೊಂಡ ದಿನ ಅವರ ಮನೆ ಬಾಗಿಲಲ್ಲೇ ಒಬ್ಬ ಹಿರಿಯರು ತಡೆದರು. “ಯಾರ ಪೈಕಿ ನೀವು?” ಕಾಲೇಜಿನವಳು ಅಂದೆ. “ಹಂಗಲ್ಲವ್ವ, ಸಂಬಂಧ ಏನು?” ಒಳಗೆ ಅಳು, ಇವರಿಗೆ ವಂಶಾವಳಿ ಬೇಕು. ಅಷ್ಟರಲ್ಲಿ ಅವನ ತಾಯಿ ನನ್ನನ್ನು ನೋಡಿದರು. “ಬಿಡ್ರಿ ಒಳಗ. ಅವನ ಜೋಡಿ ಜಗಳಾಡಕಿ ಅಕೀನೇ.” ಇಷ್ಟು ಸರಿಯಾಗಿ ನನ್ನ ಪರಿಚಯವನ್ನು ಯಾರೂ ಮಾಡಿಸಿಲ್ಲ.

ಯಾವುದಕ್ಕೆ ಜಗಳ ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ ನೋಡಿ. ಕೇಳಿದರೆ ಒಂದು ತಾಸು ಹೇಳುತ್ತಿದ್ದೆ.

ಊರಿನ ಜಗಳ. ಬಹಮನಿಗಳ ರಾಜಧಾನಿ ಮೊದಲು ನಮ್ಮೂರು. ಆಮೇಲೆ ಅಹಮದ್ ಶಾ ಅದನ್ನು ಬೀದರಿಗೆ ಒಯ್ದ. “ನಿಮ್ಮೂರ ಬಿಸಲು ತಡೀಲಾರದ ಸುಲ್ತಾನನೇ ಗಂಟು ಕಟ್ಟಿದ” ಅನ್ನುತ್ತಿದ್ದ ಇವನು, ಕ್ಲಾಸಿನ ಒಂದೇ ಒಂದು ಫ್ಯಾನಿನ ಕೆಳಗೆ ಕೂತು. ಒಂದು ಏಪ್ರಿಲ್ ಮಧ್ಯಾಹ್ನ ಅವನನ್ನು ನಮ್ಮ ಕೋಟೆಯೊಳಗಿನ ಜಾಮಾ ಮಸೀದಿಗೆ ಎಳೆದುಕೊಂಡು ಹೋದೆ. 1367ರದ್ದು. ದೊಡ್ಡ ಮಸೀದಿಗಳಿಗೆ ಸಾಮಾನ್ಯವಾಗಿ ಬಯಲು ಅಂಗಳ ಇರುತ್ತದೆ, ಇದಕ್ಕೆ ಪೂರ್ತಿ ಚಾವಣಿ, ಮೇಲೆ ಸಾಲು ಸಾಲು ಗುಮ್ಮಟ. “ನಾವು ಓಡಿಹೋಗಲಿಲ್ಲ, ನೆರಳು ಕಟ್ಟಿಕೊಂಡ್ವಿ” ಅಂದೆ. ಅವನು ಕಮಾನುಗಳ ಕೆಳಗೆ ಒಂದು ಸುತ್ತು ಹಾಕಿ ಬಂದ. “ಅಂದ್ರ ಬಿಸಲು ಜಾಸ್ತಿ ಅಂತ ಒಪ್ಪಿದಿ.” ಆಮೇಲೆ ಚಹಾದ ದುಡ್ಡೂ ನಾನೇ ಕೊಟ್ಟೆ.

ಬಿದರಿ ಕಲೆಯ ಮಾತು ಬಂದರೆ ನಾನು ಸುಮ್ನೆ ಆಗುತ್ತಿದ್ದೆ. ಸತು-ತಾಮ್ರದ ಪಾತ್ರೆಯನ್ನು ಕಪ್ಪಾಗಿಸಿ, ಅದರೊಳಗೆ ಕೂರಿಸಿದ ಬೆಳ್ಳಿಯನ್ನು ಹಾಗೇ ಹೊಳೆಯಲು ಬಿಡುವ ಮಣ್ಣು ಅವರ ಕೋಟೆಯದು. ಅದಕ್ಕೆ ಎದುರು ಏನು ಹೇಳುವುದು? 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಸರಕಾರಿ ಗುರುತು, ಸಿಕ್ಕಾಗ ಮೊದಲ ಫೋನ್ ಅವನಿಗೇ ಮಾಡಿದೆ. “ಬ್ಯಾಳಿ ಒಯ್ದು ಶೋಕೇಸಿನ್ಯಾಗ ಇಡ್ತೀಯೇನು?” ಅಂದು ಇಟ್ಟುಬಿಟ್ಟ.

ಅದಕ್ಕೆ ಉತ್ತರ ನನಗೆ ಹೋದ ತಿಂಗಳು ಹೊಳೆಯಿತು: ನಿಮ್ಮ ಬಿದರಿ ಹೂಜಿ ಕುದಿಸಿದರ ಸಾರು ಆಗ್ತದೇನು?