ಬೆಣಚುಕಲ್ಲು ಕೊನೆಗೂ ಬೆಳ್ಳಗೇ ಉಳಿಯಿತು: ಕಿಲ್ಲೀನ್ ಮಾದರಿ, ಆರನೇ ವಾರ

ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಮೇಜಿನ ಹತ್ತಿರ ಓಡಿದೆ. ಬೆಳ್ಳಗೇ ಒಣಗಿದೆ!

ಹೊಸಬರಿಗೆ ಎರಡು ಮಾತು. ಐರ್ಲೆಂಡಿನಲ್ಲಿ ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಕೂಸುಗಳಿಗೆ ಚರ್ಚಿನ ಮಣ್ಣಿನಲ್ಲಿ ಜಾಗ ಇರಲಿಲ್ಲ. ಅವುಗಳನ್ನು ಹೂಳುತ್ತಿದ್ದ ಜಾಗವೇ ಕಿಲ್ಲೀನ್. ಪಾಳು ಚರ್ಚು, ಊರ ಗಡಿ, ಕಡಲ ದಂಡೆ, ಇಲ್ಲವೇ ಯಕ್ಷಿಣಿಯರ ಭಯದಿಂದ ಯಾರೂ ನೇಗಿಲು ಹೂಡದ ದುಂಡು ಮಣ್ಣುಕೋಟೆ. ಕತ್ತಲಾದ ಮೇಲೆ ಅಪ್ಪನೋ ಚಿಕ್ಕಪ್ಪನೋ ಪೆಟ್ಟಿಗೆ ಹೊತ್ತು ಹೋಗುತ್ತಿದ್ದರು. ಪಾದ್ರಿಯಿಲ್ಲ, ಹೆಸರಿಲ್ಲ. ತಲೆಕಡೆ ಒಂದು ಕಾಡುಗಲ್ಲು, ಎಷ್ಟೋ ಕಡೆ ಮೇಲೆ ಬಿಳಿ ಬೆಣಚುಕಲ್ಲು. 20ನೇ ಶತಮಾನದ ನಡುವಿನವರೆಗೂ ಇದು ನಡೆದಿತ್ತು.

ಅಂಥದ್ದೊಂದರ ಪುಟ್ಟ ಮಾದರಿಯನ್ನು ಮೇಜಿನ ಮೇಲೆ ಕಟ್ಟುತ್ತಿದ್ದೇನೆ. ದಿಬ್ಬ, ಹುಲ್ಲು, ಮುಳ್ಳುಮರ ಮುಗಿದಿದ್ದವು. ಕೈಕೊಟ್ಟಿದ್ದು ಬೆಣಚುಕಲ್ಲು. ನಾಲ್ಕು ಸೆಂಟಿಮೀಟರ್ ಕಲ್ಲು 1:72ರಲ್ಲಿ, ಅಂದರೆ ನಿಜದ ಅಳತೆಯ 72ನೇ ಒಂದು ಪಾಲಿನಲ್ಲಿ, ಅರ್ಧ ಮಿಲಿಮೀಟರ್ ಚಿಲ್ಲರೆ. ಉಪ್ಪು ಅಳತೆಗೆ ಸರಿ, ಆದರೆ ಅಂಟಿಗೆ ಬಿದ್ದದ್ದೇ ಕರಗಿತು. ಸಣ್ಣ ರವೆ ಉಬ್ಬಿಕೊಂಡು, ಹುಲ್ಲಿನ ಮೇಲೆ ಉಪ್ಪಿಟ್ಟು ಚೆಲ್ಲಿದ ಹಾಗಾಯಿತು. ಆನ್‌ಲೈನಿನಲ್ಲಿ ‘ಅಪ್ಪಟ ಬೆಣಚುಕಲ್ಲಿನ ಪುಡಿ’ ತರಿಸಿದೆ. ಅನುಮಾನ ಬಂದು ವಿನೆಗರ್ ಬಿಟ್ಟರೆ ಬುಸಬುಸನೆ ನೊರೆ. ಅಮೃತಶಿಲೆ! ಕೇಳಿದರೆ ಮಾರಿದವನು “ಬೆಳ್ಳಗಿದೆಯಲ್ಲ ಸಾರ್” ಅಂದ.

ಪಕ್ಕದ ಖಾಲಿ ಸೈಟಿನಿಂದ ಒಂದು ಬೆಣಚುಕಲ್ಲು ತಂದು, ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಜಜ್ಜಿದೆ (ಕನ್ನಡಕ ಹಾಕಿಕೊಳ್ಳಿ), ಟೀ ಜರಡಿ ಹಿಡಿದೆ. ಅಚ್ಚ ಬಿಳುಪು. ಪಿವಿಎ (ಮರಗೆಲಸದ ಬಿಳಿ ಅಂಟು) ಮೇಲೆ ಉದುರಿಸಿದೆ, ಒಣಗುವಷ್ಟರಲ್ಲಿ ಕೊಳಕು ಗಾಜು! ಮೂರು ಸಲ ಹೀಗೇ. ಕಾಳಿನ ಒಳಗಿನ ಬಿರುಕುಗಳಲ್ಲಿ ಬೆಳಕು ಚದುರುವುದರಿಂದಲೇ ಅದು ಬೆಳ್ಳಗೆ ಕಾಣುವುದು. ಅಂಟು ಬಿರುಕಿಗೆ ಇಳಿದರೆ ಬಿಳುಪು ಹೋಯಿತು. ಹಾಗಾಗಿ ಈ ಸಲ ತೆಳ್ಳಗೆ ಬಳಿದು, ಬೆರಳಿಗೆ ಅಂಟುವಷ್ಟು ಆರಲು ಬಿಟ್ಟು, ಒದ್ದೆ ಹಲ್ಲುಕಡ್ಡಿಯ ತುದಿಯಲ್ಲಿ ಒಂದೊಂದೇ ಕಾಳು ಇಟ್ಟೆ. ಹನ್ನೊಂದು ಸಮಾಧಿಗೆ ಎರಡು ರಾತ್ರಿ.

“ಬಿಳಿ ಬಣ್ಣ ಬಳಿದರೆ ಆಗಲ್ವಾ?” ಅಂದಳು ಹೆಂಡತಿ. ಆಗುತ್ತಿತ್ತು. ಮನಸ್ಸು ಒಪ್ಪಲಿಲ್ಲ.

ಮುಂದಿನದೂ ತಲೆಗೆ ಬಂದಿದೆ. ಇಂಥ ಕೂಸಿನ ಸಮಾಧಿಯ ಹುಲ್ಲು ತುಳಿದವನು ಸ್ವಂತ ಹೊಲದಲ್ಲೇ ದಾರಿ ತಪ್ಪುತ್ತಾನೆ, ಕೋಟು ತಿರುವಿ ಹಾಕಿಕೊಂಡರೆ ಮಾತ್ರ ಬಿಡುಗಡೆ ಎಂಬ ನಂಬಿಕೆ ಅಲ್ಲಿದೆ. 1:72ರಲ್ಲಿ ಕೋಟಿನ ಅಸ್ತರು! ಬಯ್ಯಬೇಡಿ.

ಸದ್ಯಕ್ಕೆ ಪೆಟ್ಟಿಗೆ ಹೊತ್ತ ಅಪ್ಪನ ಗೊಂಬೆ ಬೇಕಿತ್ತು. ಈ ಅಳತೆಯಲ್ಲಿ ಅಂಗಡಿಯವರ ಹತ್ತಿರ ಇರುವುದು ಬಹುಪಾಲು ಸೈನಿಕರೇ. ಒಬ್ಬನ ಬಂದೂಕು ಕತ್ತರಿಸಿ ತೆಗೆದು, ಅದೇ ತೋಳಿನಡಿ ಬೆಂಕಿಕಡ್ಡಿಯಿಂದ ಮಾಡಿದ ಪೆಟ್ಟಿಗೆ ಕೂರಿಸಿದ್ದೇನೆ. ತಲೆ ಸ್ವಲ್ಪ ಬಗ್ಗಿಸಬೇಕು. ಕತ್ತು ಇನ್ನೂ ಪೆರೇಡಿನಲ್ಲೇ ಇದೆ.