ಗೆಣ್ಣು ನೋಡು, ಮಾರಾಯ್ತಿ

ಜುಲೈ 28, 2025, ಸೋಮವಾರ

ಕಾಂಡದ ಮೇಲೆ ಎಲೆಗಳ ಜೋಡಣೆ ನೋಡುವ ಸಸ್ಯಶಾಸ್ತ್ರ ಲ್ಯಾಬ್ ಮುಗಿದ ಮೇಲೂ ಅವಳು ಹೋಗಲಿಲ್ಲ. ಅದೇ, ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ. "ಮೇಡಂ, ನನಗೆ ಕಾಣ್ತದೆ, ಬರೀಲಿಕ್ಕೆ ಗೊತ್ತಾಗುದಿಲ್ಲ" ಎಂದು ರೆಕಾರ್ಡ್ ಮುಂದಿಟ್ಟಳು.

ಚಿತ್ರಗಳು ಎಷ್ಟು ಚೆನ್ನಾಗಿವೆ! ಎಕ್ಕದಲ್ಲಿ ಒಂದು ಜೋಡಿ ಎಲೆ ಪೂರ್ವ ಪಶ್ಚಿಮಕ್ಕಿದ್ದರೆ ಅದರ ಮೇಲಿನ ಜೋಡಿ ಉತ್ತರ ದಕ್ಷಿಣಕ್ಕಿರುತ್ತದೆ. ಅದನ್ನೂ ಬಿಡಿಸಿದ್ದಾಳೆ. ಪಠ್ಯದಲ್ಲಿರುವುದು ಬರೀ ಆಪೊಸಿಟ್, ಎಂದರೆ ಎದುರುಬದುರು. ಅವಳು ಕಂಡದ್ದು ಅದಕ್ಕಿಂತ ಜಾಸ್ತಿ. ಡೆಕಸೇಟ್ ಎಂದು ಬರಿ ಅಂದೆ.

ಆದರೆ ಹಾಲೆ ಮರಕ್ಕೂ ದೇವಕಣಗಿಲೆಗೂ ಒಂದೇ ಮಾತು, 'ಅರೌಂಡ್'. "ಕಾಂಡದ ಸುತ್ತ ಉಂಟಲ್ಲ ಮೇಡಂ, ತಪ್ಪಾ?" ತಪ್ಪಲ್ಲ, ಆದರೆ ಸಾಲದು. ಎರಡರ ಕೊಂಬೆಯನ್ನೂ ಮೇಜಿನ ಮೇಲಿಟ್ಟೆ. ಗೆಣ್ಣು ನೋಡು ಮಾರಾಯ್ತಿ, ಎಲೆ ಹುಟ್ಟುವ ಜಾಗ ನೋಡು. ಹಾಲೆಯಲ್ಲಿ ಒಂದೇ ಗೆಣ್ಣಿನಿಂದ ಐದಾರು ಎಲೆ, ಎಲ್ಲ ಒಂದೇ ಎತ್ತರದಲ್ಲಿ. ಇದು ವೋರ್ಲ್. ದೇವಕಣಗಿಲೆಯ ತುದಿಯೂ ದೂರದಿಂದ ಹಾಗೇ ಕಾಣುತ್ತದೆ. ಅವಳು ಒಂದೊಂದೇ ಎಲೆ ಕಿತ್ತಳು. ಒಂದೊಂದು ಕಲೆಯೂ ಒಂದೊಂದು ಎತ್ತರದಲ್ಲಿ, ಸುತ್ತುತ್ತಾ ಮೇಲೆ ಹತ್ತಿದೆ. ಇದು ಆಲ್ಟರ್ನೇಟ್, ಗೆಣ್ಣಿಗೆ ಒಂದೇ ಎಲೆ; ಸುತ್ತುತ್ತಾ ಹತ್ತುವುದರಿಂದ ಸ್ಪೈರಲ್. ತುದಿಯಲ್ಲಿ ಒತ್ತೊತ್ತಾಗಿದೆ ಅಷ್ಟೆ.

ಕೈಯೆಲ್ಲ ಅಂಟು. "ಎಕ್ಕ, ಹಾಲೆ, ಇದು, ಮೂರಕ್ಕೂ ಹಾಲುಂಟು. ಸಂಬಂಧವಾ ಮೇಡಂ?" ಹೌದು, ಮೂರೂ ಅಪೋಸೈನೇಸಿ ಕುಟುಂಬದವು! ಯಾರೂ ಹೇಳಿಕೊಡದೆ ಕೇಳಿದಳು. ಆ ಹೊತ್ತಿಗೆ ನನಗಾದ ಖುಷಿ ಹೇಳಲಾರೆ.

ಮೊನ್ನೆ ಆಟಿ ಅಮಾವಾಸ್ಯೆಗೆ (ತುಳುನಾಡಿನಲ್ಲಿ ಅಂದು ಬೆಳಗ್ಗೆ ಹಾಲೆ ತೊಗಟೆಯ ಕಷಾಯ ಕುಡಿಯುತ್ತಾರೆ) ಅವಳ ಅಜ್ಜ ನಸುಕಿನಲ್ಲೇ ಹಾಲೆಯ ತೊಗಟೆ ಕಲ್ಲಿನಿಂದ ಕೆತ್ತಿ ತಂದರಂತೆ. ಹಿಂದಿನ ದಿನ ಇವಳನ್ನೂ ಕರೆದುಕೊಂಡು ಹೋಗಿ ಮರಕ್ಕೆ ಗುರುತು ಮಾಡಿದ್ದರಂತೆ. ಕತ್ತಲಲ್ಲಿ ತಪ್ಪಿ ಕಾಸರಕದ ತೊಗಟೆ ಕುಡಿದರೆ ಜೀವಕ್ಕೇ ಅಪಾಯ, ಅದರಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಇದೆ. "ಅಜ್ಜ ಹೇಳಿದ್ರು, ಕಾಸರಕಕ್ಕೆ ಗಂಟಿಗೆ ಎರಡೇ ಎಲೆ, ಎದುರುಬದುರು. ಹಾಲೆಗೆ ಸುತ್ತಲೂ." ಇಷ್ಟು ಗೊತ್ತಿರುವವಳಿಗೆ ಆಪೊಸಿಟ್, ವೋರ್ಲ್ ಎಂಬ ಎರಡು ಪದ ಎಷ್ಟರದು? ಅಲ್ವಾ? ಪದ ಗೊತ್ತಿದ್ದೂ ಎಲೆ ನೋಡದವರ ರೆಕಾರ್ಡಿಗೆ ಪೂರ್ತಿ ಅಂಕ ಬರುತ್ತದೆ. ಸಿಟ್ಟು ಬರುತ್ತದೆ ನನಗೆ.

ಹೊರಡುವಾಗ ಚೀಲ ಹೆಗಲಿಗೆ ಹಾಕುತ್ತಾ ಮೆಲ್ಲಗೆ ಅಂದಳು, "ಇಂಗ್ಲಿಷ್ ಕಷ್ಟ ಆದ್ರೆ ಆರ್ಟ್ಸಿಗೆ ಹೋಗು ಅಂತಿದ್ದಾರೆ ಅಮ್ಮ." ಆರ್ಟ್ಸ್ ಕೀಳಲ್ಲ. ಆದರೆ ಇವಳು ಅಲ್ಲಿಗೆ ಹೋಗಬೇಕಾದ ಕಾರಣ ಇದಲ್ಲ.

ನಾಳೆ ಅವಳ ಅಮ್ಮನಿಗೆ ಫೋನ್ ಮಾಡಬೇಕು. ಅವರು ಬೀಡಿ ಕಟ್ಟುತ್ತಾರೆ, ಮಧ್ಯಾಹ್ನ ಸಿಗಬಹುದು. ಮುಂದಿನ ವಾರ ಹೂಗೊಂಚಲಿನ ಪಾಠ. ರೆಸೀಮ್, ಸೈಮ್ ಎಂಬ ಎರಡು ಬಗೆ, ಯಾವುದರಲ್ಲಿ ಯಾವ ಹೂ ಮೊದಲು ಅರಳುತ್ತದೆ ಅನ್ನುವುದನ್ನು ಅವಳ ಕೈಯಲ್ಲೇ ಎಲ್ಲರಿಗೂ ತೋರಿಸಿದರೆ, ಮೊದಲು ಕನ್ನಡದಲ್ಲೇ ಹೇಳು ಅಂದರೆ ಹೇಗೆ?